ಚಮಚ ಹಿಡಿಯದ ಮಗು, ಮುದ್ದೆ ಮುರಿಯುವ ಮಗು: ಬೆಳವಣಿಗೆಯ ವಿವರ ಕೇಳುವ ನನ್ನ ಕ್ರಮ

ಮಕ್ಕಳ ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತರು ತುಂಬುವ ಫೈಲಿನ ಮೊದಲ ಕಾಲಂ ವಯಸ್ಸು. ಎಲ್ಲರೂ ಯೋಚಿಸದೆ ತುಂಬುವುದು ಅದನ್ನೇ, ದೊಡ್ಡ ತಪ್ಪು ನುಸುಳುವುದೂ ಅಲ್ಲೇ. ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ನಾನು ಮುಂದಿನ ಕಾಲಮ್ಮಿಗೆ ಹೋಗುವುದಿಲ್ಲ. ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಬರೆದ ತಾರೀಖು ಅದಾಗಿರುವ ಸಾಧ್ಯತೆ ಹೆಚ್ಚು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ದಿನನಿತ್ಯದ ಕೆಲಸಗಳನ್ನು ಮಗು ಎಷ್ಟರ ಮಟ್ಟಿಗೆ ತಾನೇ ಮಾಡುತ್ತದೆಂದು ಅಳೆಯುವ ವೈನ್‌ಲ್ಯಾಂಡ್ ಸೋಷಿಯಲ್ ಮೆಚ್ಯೂರಿಟಿ ಸ್ಕೇಲಿನಲ್ಲಿ, ಅಂದರೆ ವಿ.ಎಸ್.ಎಂ.ಎಸ್.ನಲ್ಲಿ, ಮಗುವಿನ ಸಾಮಾಜಿಕ ವಯಸ್ಸು (ಯಾವ ವಯಸ್ಸಿನ ಮಕ್ಕಳಷ್ಟು ಮಾಡಬಲ್ಲದು ಎಂಬುದು) 48 ತಿಂಗಳು ಬಂದಿದೆ ಎನ್ನೋಣ. ಕಾಗದದ ವಯಸ್ಸು 6 ವರ್ಷ 2 ತಿಂಗಳು, ಅಂದರೆ 74 ತಿಂಗಳು. 48ನ್ನು 74ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 65. ನಿಜ ವಯಸ್ಸು 5 ವರ್ಷ 3 ತಿಂಗಳಾಗಿದ್ದರೆ 63 ತಿಂಗಳು; ಆಗ ಅದೇ ಮಗುವಿನ ಅಂಕ 76. ಅಂಗವೈಕಲ್ಯ ಪ್ರಮಾಣದ 2018ರ ಮಾರ್ಗಸೂಚಿಯಲ್ಲಿ 55ರಿಂದ 69ರವರೆಗಿನ ಅಂಕಕ್ಕೆ ಶೇ. 50, 70ರಿಂದ 84ಕ್ಕೆ ಶೇ. 25 ಅಂಗವೈಕಲ್ಯ ಎಂದಿತ್ತು. ಸವಲತ್ತು ಸಿಗಲು ಶೇ. 40 ಬೇಕು. ಹನ್ನೊಂದು ತಿಂಗಳ ವ್ಯತ್ಯಾಸದಲ್ಲಿ ಮಗು ಗೆರೆಯ ಈಚೆಯಿಂದ ಆಚೆಗೆ ಹೋಯಿತು. ವಯಸ್ಸನ್ನು ಕಡಿಮೆ ಬರೆದಿದ್ದರೆ ಇದರ ಉಲ್ಟಾ: ನಿಜವಾಗಿಯೂ ಹಿಂದುಳಿದ ಮಗು ಸರಿಯಾಗಿದೆ ಎಂದು ಕಾಣುತ್ತದೆ. ಅಂಕ ಹಾಕುವವರು ಸೈಕಾಲಜಿಸ್ಟ್ ಇರಬಹುದು, ಆದರೆ ವಯಸ್ಸು ಹೋಗುವುದು ನಾವು ಬರೆದ ಹಾಳೆಯಿಂದ.

ಹಾಗಾಗಿ ಮೊದಲು ತಾಯಿ ಕಾರ್ಡ್ ಕೇಳುತ್ತೇನೆ. ಹೆರಿಗೆಯ ತಾರೀಖು, ಹುಟ್ಟಿದಾಗಿನ ತೂಕ, ಚುಚ್ಚುಮದ್ದಿನ ದಿನಗಳು ಅದರಲ್ಲಿ ಇರುತ್ತವೆ. ಅದು ಕಳೆದಿದ್ದರೆ ಅಂಗನವಾಡಿಯ ಅಥವಾ ಆಶಾ ಕಾರ್ಯಕರ್ತೆಯ ದಾಖಲೆ. ಅದೂ ಇಲ್ಲದಿದ್ದರೆ ಹಬ್ಬ ಮತ್ತು ಬೆಳೆ. “ಯುಗಾದಿಗೆ ಮುಂಚೆನಾ, ಆಮೇಲಾ? ಪಂಚಮಿಗೆ ಎಷ್ಟು ತಿಂಗಳ ಕೂಸು? ರಾಗಿ ಕುಯ್ಲಾಗಿತ್ತಾ?” ತಾಂಡಾದವರಿಗೆ ಹೋಳಿ ಮತ್ತು ದೀಪಾವಳಿ ಗಟ್ಟಿ ಗುರುತು. ರಂಜಾನ್ ಹಿಡಿದು ಲೆಕ್ಕ ಹಾಕುವಾಗ ಮಾತ್ರ ಆ ವರ್ಷದ ಕ್ಯಾಲೆಂಡರ್ ಎದುರಿಗಿರಬೇಕು. ಅದು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2020ರ ರಂಜಾನ್ ಹಬ್ಬ ಮೇ ತಿಂಗಳ ಕೊನೆಯ ವಾರ, 2025ರದ್ದು ಮಾರ್ಚ್ ಕೊನೆ. ಎರಡು ಬೇರೆ ಗುರುತುಗಳು ಒಂದೇ ತಿಂಗಳಿಗೆ ಬಂದರೆ ಆ ತಿಂಗಳನ್ನು ಬರೆದು, ಪಕ್ಕದಲ್ಲಿ ‘ಹಬ್ಬದ ಲೆಕ್ಕ’ ಎಂದು ನಮೂದಿಸುತ್ತೇನೆ. ಎಂಟು ತಿಂಗಳಿಗೇ ಹುಟ್ಟಿದ ಕೂಸಾದರೆ ಎರಡು ವರ್ಷ ತುಂಬುವವರೆಗೆ ಆ ವಾರಗಳನ್ನು ಕಳೆದೇ ಬೆಳವಣಿಗೆ ಅಳೆಯಬೇಕು.

ಹುಟ್ಟಿನ ವಿವರಕ್ಕೆ ಸರಿಯಾದ ಸಾಕ್ಷಿ ಯಾರು ಎಂಬುದು ನಮ್ಮ ಕಡೆ ಮುಖ್ಯ. ಚೊಚ್ಚಲ ಬಾಣಂತನ ತವರಿನಲ್ಲಿ. ಮಗು ಹುಟ್ಟಿದ ಕೂಡಲೇ ಅತ್ತಿತೇ, ನೀಲಿಗಟ್ಟಿತ್ತೇ, ಗಾಜಿನ ಪೆಟ್ಟಿಗೆಯಲ್ಲಿ ಎಷ್ಟು ದಿನ ಇಟ್ಟಿದ್ದರು, ಕಾಮಾಲೆಗೆ ಬೆಳಕಿನ ಕೆಳಗೆ ಮಲಗಿಸಿದ್ದರೇ, ಇದೆಲ್ಲ ನೆನಪಿರುವುದು ತಾಯಿಯ ತಾಯಿಗೆ. ಮೂರೋ ಐದೋ ತಿಂಗಳ ನಂತರದ್ದು ಅತ್ತೆಗೆ ಗೊತ್ತು. ಆಸ್ಪತ್ರೆಗೆ ಬಂದವರು ಅತ್ತೆ ಮತ್ತು ಗಂಡ ಮಾತ್ರವಾದರೆ ಮೊದಲ ತಿಂಗಳುಗಳ ಕಾಲಂ ‘ಸಹಜ’ ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತದೆ. ತವರಿಗೆ ಫೋನ್ ಹಚ್ಚಿಸಿ ಅಜ್ಜಿಯ ಹತ್ತಿರ ಐದು ನಿಮಿಷ ಮಾತಾಡಿದರೆ ಅರ್ಧ ಪುಟ ತುಂಬುತ್ತದೆ.

ಮೈಲಿಗಲ್ಲುಗಳನ್ನು ಕೇಳುವಾಗ ಮೇಲಿನ ಮಿತಿಯನ್ನು ತಲೆಯಲ್ಲಿ ಇಟ್ಟುಕೊಂಡರೆ ಸಾಕು, ಸರಾಸರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಭಾರತದ ಮಕ್ಕಳೂ ಇದ್ದರು. ಅದರಂತೆ ಆಸರೆಯಿಲ್ಲದೆ ಕೂರುವುದಕ್ಕೆ 9.2 ತಿಂಗಳವರೆಗೆ, ತಾನೇ ನಡೆಯುವುದಕ್ಕೆ 17.6 ತಿಂಗಳವರೆಗೆ ಅವಕಾಶವಿದೆ. ಅಂಬೆಗಾಲಿಡದೆ ನೇರ ಎದ್ದು ನಿಂತ ಮಕ್ಕಳೂ ಆ ಅಧ್ಯಯನದಲ್ಲಿ ಶೇ. 4ರಷ್ಟು ಇದ್ದರು. ಸದಾ ಸೊಂಟದ ಮೇಲೆ, ಜೋಳಿಗೆಯಲ್ಲಿ ಇರುವ ಕೂಸು ತೆವಳಲಿಲ್ಲವೆಂದ ಮಾತ್ರಕ್ಕೆ ಗಾಬರಿ ಬೇಡ. ಆದರೆ ಹದಿನೆಂಟು ತಿಂಗಳಾದರೂ ನಡೆಯದ ಕೂಸಿಗೆ ‘ಎತ್ತಿಕೊಂಡೇ ಸಾಕಿದ್ದಾರೆ’ ಎಂಬ ವಿವರಣೆ ಸಾಲದು.

ಸುಮ್ಮನೆ ಗಾಬರಿಪಡುವುದು ಒಂದು ತಪ್ಪಾದರೆ, ಹೀಗೆ ಸಮಜಾಯಿಷಿ ಹೇಳಿ ಬಿಟ್ಟುಬಿಡುವುದು ಎರಡನೆಯದು; ಈ ಎರಡನೇ ತಪ್ಪನ್ನು ನಾನು ಮೊದಲಿನದಕ್ಕಿಂತ ಅಪಾಯಕಾರಿ ಎಂದೇ ಎಣಿಸುತ್ತೇನೆ. ‘ಹಾಡಿಯ ಮಕ್ಕಳು ಹಾಗೇ’, ‘ಗಂಡು ಮಕ್ಕಳಿಗೆ ಮಾತು ತಡ’, ‘ಅವರ ಮನೆ ಭಾಷೆ ಬೇರೆ’ ಎಂದು ಸಂಸ್ಕೃತಿಯ ಹೆಸರಿನಲ್ಲಿ ಕಳೆದುಹೋಗುವುದು ಮಗುವಿನ ಅಮೂಲ್ಯವಾದ ಎರಡು ವರ್ಷ. ಹನ್ನೆರಡು ತಿಂಗಳಿಗೆ ತೊದಲಿಲ್ಲ, ಹದಿನಾರು ತಿಂಗಳಿಗೆ ಒಂದೂ ಪದವಿಲ್ಲ, ಎರಡು ವರ್ಷಕ್ಕೆ ಎರಡು ಪದ ಕೂಡಿಸುತ್ತಿಲ್ಲ, ಅಥವಾ ಬಂದಿದ್ದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋಯಿತು ಎಂದರೆ ಯಾವ ಜಾತಿ, ಯಾವ ಭಾಷೆಯ ಮನೆಯಾದರೂ ತಪಾಸಣೆ ಆಗಲೇಬೇಕು.

ಬದಲಾಯಿಸಬೇಕಾದದ್ದು ಪ್ರಶ್ನೆಯ ಮಾತನ್ನು. ಅದರ ಹಿಂದಿನ ಅಳತೆ ಹಾಗೇ ಇರಬೇಕು. ವಿ.ಎಸ್.ಎಂ.ಎಸ್.ನ ಭಾರತೀಯ ರೂಪವನ್ನು ನಾಗಪುರದಲ್ಲಿ ಎ.ಜೆ. ಮಾಲಿನ್ ಸಿದ್ಧಪಡಿಸಿದರು, ಅದರಲ್ಲಿ 89 ಅಂಶಗಳಿವೆ. ಮೆಟ್ಟಿಲು ಹತ್ತುವುದು, ಮಿಠಾಯಿಯ ಕಾಗದ ಬಿಚ್ಚುವುದು ಎಲ್ಲ ಅದರಲ್ಲಿ ಬರುತ್ತವೆ. ಮೆಟ್ಟಿಲೇ ಇಲ್ಲದ ಮನೆಯ ತಾಯಿ “ಇಲ್ರೀ” ಎನ್ನುತ್ತಾಳೆ, ನಾವು ಸೊನ್ನೆ ಹಾಕುತ್ತೇವೆ. ಆ ‘ಇಲ್ಲ’ ಎಂಬುದು ಬಾರದ್ದೋ, ಅವಕಾಶ ಸಿಗದ್ದೋ ಎಂದು ಪ್ರತಿ ಸಲವೂ ಬಿಡಿಸಿ ಕೇಳಬೇಕು. ‘ಅವಕಾಶವಿಲ್ಲ’ ಎಂಬ ಗುರುತು ಮೂಲ ಅಳತೆಯಲ್ಲೇ ಇದೆ, ಆದರೆ ಭರ್ತಿಯಾದ ಹಾಳೆಗಳಲ್ಲಿ ಅದನ್ನು ಬಳಸಿದ್ದು ಅಪರೂಪ. ಮೆಟ್ಟಿಲಿಗೆ ಬದಲು ಬಸ್ಸಿನ ಪಾವಟಿಗೆ ಅಥವಾ ಕೆರೆಯ ಏರಿ ಕೇಳುತ್ತೇನೆ.

ಊಟದ ಪ್ರಶ್ನೆಯನ್ನೇ ಹತ್ತಿರದಿಂದ ನೋಡೋಣ. “ಚಮಚ ಹಿಡಿದು ತಿಂತಾನಾ?” ಎಂದು ಕೇಳಿದರೆ ಮೈಸೂರು ಸೀಮೆಯ ಹಳ್ಳಿಯಲ್ಲಿ ಏನೂ ತಿಳಿಯುವುದಿಲ್ಲ. “ಮುದ್ದೆ ತಾನೇ ಮುರ್ಕೊಂಡು, ಸಾರಲ್ಲಿ ಅದ್ದಿ ನುಂಗ್ತಾನಾ? ತುತ್ತಿನ ಗಾತ್ರ ಸರಿ ಮಾಡ್ಕೋತಾನಾ? ಬಿಸಿ ಇದ್ರೆ ಏನ್ಮಾಡ್ತಾನೆ?” ಎಂದು ಕೇಳಿದರೆ ಬೆರಳಿನ ಹಿಡಿತ, ಎರಡು ಕೈಗಳ ಹೊಂದಾಣಿಕೆ, ನುಂಗುವ ಶಕ್ತಿ, ಅಪಾಯ ತಿಳಿಯುವ ಬುದ್ಧಿ ನಾಲ್ಕೂ ಒಂದೇ ಉತ್ತರದಲ್ಲಿ ಬರುತ್ತವೆ. ಬಿಸಿ ಮುದ್ದೆಯನ್ನು ತಟ್ಟೆಯ ಅಂಚಿಗೆ ತಳ್ಳಿ ಕಾಯುವ ಮಗು ತುಂಬಾ ಕಲಿತಿದೆ. ಉತ್ತರ ಕರ್ನಾಟಕದಲ್ಲಾದರೆ ರೊಟ್ಟಿಯ ಚೂರು ಹರಿದು ಪಲ್ಯ ಹಿಡಿಯುವುದನ್ನು ಕೇಳುತ್ತೇನೆ.

ಆಟಿಸಂ ಶಂಕೆಯಿದ್ದಾಗ ‘ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ’ ಎಂಬ ಪ್ರಶ್ನೆಯೊಂದನ್ನೇ ನಂಬಬಾರದು. ಹಿರಿಯರ ಮುಂದೆ, ಅದರಲ್ಲೂ ಹೊಸಬರ ಮುಂದೆ, ತಲೆ ತಗ್ಗಿಸುವುದನ್ನು ಕಲಿಸಿದ ಮನೆಗಳಿವೆ. “ಚಂದಮಾಮನ್ನ ತೋರಿಸಿದ್ರೆ ನಿಮ್ಮ ಬೆರಳು ನೋಡುತ್ತಾ, ಮೇಲೆ ನೋಡುತ್ತಾ? ಬಸ್ಸು ಬಂದ್ರೆ ತಾನೇ ಕೈ ಮಾಡಿ ನಿಮಗೆ ತೋರಿಸುತ್ತಾ? ತೋರಿಸಿ ನಿಮ್ಮ ಮುಖ ನೋಡುತ್ತಾ?” ಹದಿನೆಂಟು ತಿಂಗಳಾದರೂ ಈ ಬೊಟ್ಟು ಮಾಡುವುದು ಇಲ್ಲದಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಡಾಕ್ಟರಿಗೆ ಕೊಡುತ್ತೇನೆ.

ಭಾಷೆಯ ಲೆಕ್ಕಕ್ಕೆ ಹಾಳೆಯಲ್ಲಿ ಮೂರು ಕಾಲಂ ಎಳೆಯುತ್ತೇನೆ: ಮನೆಯ ಮಾತು, ಬೀದಿಯ ಮಾತು, ಅಂಗನವಾಡಿ ಅಥವಾ ಶಾಲೆಯ ಮಾತು. ಲಂಬಾಣಿ ಮನೆಯ ಮಗು ಮನೆಯಲ್ಲಿ ‘ಪಾಣಿ’, ಅಂಗನವಾಡಿಯಲ್ಲಿ ‘ನೀರು’ ಎಂದರೆ ಎರಡೂ ಲೆಕ್ಕಕ್ಕೆ ಸೇರಬೇಕು. ಕನ್ನಡದ ಪದಗಳನ್ನಷ್ಟೇ ಎಣಿಸಿದರೆ ಹತ್ತು, ಒಟ್ಟು ಎಣಿಸಿದರೆ ನಲವತ್ತು ಬರಬಹುದು. ಎರಡು ಮೂರು ಭಾಷೆ ಕೇಳುತ್ತಾ ಬೆಳೆಯುವುದರಿಂದ ಮಾತಿನ ದೋಷ ಬರುವುದಿಲ್ಲ. ಆದ್ದರಿಂದ ‘ಮನೆಯಲ್ಲೂ ಕನ್ನಡವೇ ಆಡಿ’ ಎಂಬ ಸಲಹೆಯನ್ನು ಕೊಡಬಾರದು. ತಾಯಿಗೆ ಸಲೀಸಲ್ಲದ ಭಾಷೆಯಲ್ಲಿ ಆಡಿಸಲು ಹೇಳಿದರೆ ಆಕೆ ಮಗುವಿನ ಜೊತೆ ಮಾತನ್ನೇ ಕಡಿಮೆ ಮಾಡುತ್ತಾಳೆ. ಮೂರೂ ಕಾಲಮ್ಮು ಬರಿದಾಗಿದ್ದರೆ ಮೊದಲ ಹೆಜ್ಜೆ ಕಿವಿ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪೂರ್ಣ ವ್ಯವಸ್ಥೆ ಇದೆ. ದೂರದ ಜಿಲ್ಲೆಯವರನ್ನು ಮೊದಲು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತೇನೆ.

ನಡುವೆ ದುಭಾಷಿ ಬೇಕಾದಾಗ ಮಗುವಿನ ಅಕ್ಕನನ್ನು ಕೂರಿಸುವುದಿಲ್ಲ. ಹತ್ತು ವರ್ಷದ ಹುಡುಗಿ ತಾಯಿಯ ಗರ್ಭಪಾತದ ವಿಷಯ ತರ್ಜುಮೆ ಮಾಡಬಾರದು. ಅದೇ ಊರಿನ ಆಶಾ ಕಾರ್ಯಕರ್ತೆಗೆ ಭಾಷೆ ಗೊತ್ತು, ಆದರೆ ಆಡಿದ ಮಾತು ಅವರ ಜೊತೆಗೇ ಊರಿಗೆ ಹೋಗುತ್ತದೆಂಬ ಅಂಜಿಕೆ ತಾಯಿಗಿರುತ್ತದೆ. ಅದೇ ಭಾಷೆಯ ನರ್ಸ್ ಅಥವಾ ನೌಕರರು ಸಿಕ್ಕರೆ ಉತ್ತಮ. “ಹೇಳಿದ್ದನ್ನ ಹೇಳಿದ ಹಾಗೇ ಹೇಳಿ, ಚಿಕ್ಕದು ಮಾಡಬೇಡಿ” ಎಂದು ಮೊದಲೇ ತಿಳಿಸುತ್ತೇನೆ. ಎರಡು ನಿಮಿಷದ ಉತ್ತರ “ಏನಿಲ್ವಂತೆ” ಎಂದು ಬಂದರೆ ಅಲ್ಲೇ ನಿಲ್ಲಿಸಿ ಮತ್ತೆ ಕೇಳಬೇಕು.

ವಂಶವೃಕ್ಷ ಮೂರು ತಲೆಮಾರಿನದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. “ಸಂಬಂಧದಲ್ಲಿ ಮದುವೆಯಾ?” ಎಂದು ನೇರ ಕೇಳಿದರೆ “ಇಲ್ಲ, ಬೇರೆ ಊರಿನವರು” ಎಂಬ ಉತ್ತರವೂ ಬರುತ್ತದೆ. ನಾನು ಕೇಳುವುದು: “ಮದುವೆಗೆ ಮುಂಚೆ ನಿಮ್ಮೆಜಮಾನ್ರನ್ನ ಏನಂತ ಕರೀತಿದ್ರಿ ಅಕ್ಕಾ?” ಮಾವ ಎಂದರೆ ಅಥವಾ ಭಾವ ಎಂದರೆ ಗೆರೆ ಎಲ್ಲಿ ಸೇರುತ್ತದೆಂದು ಮುಂದಿನ ಎರಡು ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಒಂದೇ ಮೂಲದ ಜೀನ್ ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಂಭವ ಸೋದರಮಾವನನ್ನು ಮದುವೆಯಾದಾಗ 1/8, ಅತ್ತೆ ಮಾವಂದಿರ ಮಕ್ಕಳ ಮದುವೆಯಲ್ಲಿ 1/16. ಈ ಸಂಖ್ಯೆ ಫೈಲಿಗೆ. ಮನೆಯವರ ಎದುರು ಹೇಳುವ ಮಾತು ಬೇರೆ: ಇದು ಇಬ್ಬರ ಕಡೆಯಿಂದಲೂ ಬರುವಂಥದ್ದು, ಸೊಸೆಯ ತಪ್ಪಲ್ಲ; ಮುಂದಿನ ಮಗುವಿಗೆ ಮುಂಚೆ ಡಾಕ್ಟರನ್ನು ಕಾಣಿ. ಇದನ್ನು ಅತ್ತೆ ಇರುವಾಗಲೇ ಹೇಳಬೇಕು. ಸೊಸೆಯೊಬ್ಬಳಿಗೇ ಹೇಳಿದ್ದು ಮನೆಗೆ ಮುಟ್ಟುವುದಿಲ್ಲ. ಆಕೆಯೊಬ್ಬಳೇ ಹೇಳಬೇಕಾದ್ದೂ ಇರುತ್ತದೆ; “ಯಜಮಾನ್ರೇ, ಮಗು ತೂಕ ನೋಡಿಸ್ಕೊಂಡು ಬನ್ನಿ, ಅಜ್ಜಿನೂ ಕರ್ಕೊಂಡು ಹೋಗಿ” ಎಂದರೆ ಹತ್ತು ನಿಮಿಷ ಸಿಗುತ್ತದೆ.

ಮನೆಯವರು ಕಾಯಿಲೆಯನ್ನು ಏನೆಂದು ತಿಳಿದಿದ್ದಾರೆ ಎಂಬುದನ್ನು ಕೇಳಲು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿ.ಎಸ್.ಎಂ.-5ರಲ್ಲಿ 16 ಪ್ರಶ್ನೆಗಳ ಸಂದರ್ಶನವಿದೆ. ಹೊರರೋಗಿ ವಿಭಾಗದ ಗದ್ದಲದಲ್ಲಿ ಅಷ್ಟೂ ಆಗುವುದಿಲ್ಲ, ನಾಲ್ಕನ್ನು ಬಿಡುವುದಿಲ್ಲ: ಇದಕ್ಕೆ ನಿಮ್ಮಲ್ಲಿ ಏನಂತಾರೆ? ಯಾಕೆ ಬಂತು ಅಂತ ಹಿರಿಯರು ಹೇಳ್ತಾರೆ? ಇದಕ್ಕೆ ಮುಂಚೆ ಎಲ್ಲೆಲ್ಲಿ ತೋರಿಸಿದ್ರಿ? ಮುಂದೆ ಏನಾಗುತ್ತೋ ಅಂತ ಭಯ? ಉತ್ತರವನ್ನು ಅವರ ಮಾತಿನಲ್ಲೇ, ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ‘ಗಾಳಿ ಸೋಕಿದೆ’ ಎಂದದ್ದನ್ನು ‘ಮೂಢನಂಬಿಕೆ ಇದೆ’ ಎಂದು ಬರೆದರೆ ಮುಂದೆ ಓದುವವರಿಗೆ ಏನೂ ತಿಳಿಯುವುದಿಲ್ಲ, ಮನೆಯವರ ಮೇಲೆ ಒಂದು ತೀರ್ಪು ಮಾತ್ರ ಉಳಿಯುತ್ತದೆ.

ಹರಕೆ, ತಾಯತ, ದರ್ಗಾದ ನೀರು ಇವುಗಳ ಜೊತೆ ನನಗೆ ಜಗಳವಿಲ್ಲ. ಮೂರು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತೇನೆ. ಮೂರ್ಛೆಯ ಗುಳಿಗೆಯನ್ನು ದೇವರ ಕಾರ್ಯಕ್ಕೆಂದು ಒಂದು ದಿನವೂ ಬಿಡಕೂಡದು. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಬಂದು ಜೀವಕ್ಕೆ ಅಪಾಯ. ಕೂಸಿಗೆ ಬರೆ ಹಾಕಕೂಡದು. ಮಾತು ಬರಲೆಂದು ಬಜೆಯನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚುವ ರೂಢಿಯಿದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದು, ಮತ್ತು ಬಜೆಯ ಗುಣ ನೋಡೋಣವೆಂದು ಕಿವಿ ಪರೀಕ್ಷೆ ಮುಂದೂಡಕೂಡದು. ರೋಜಾ ಹಿಡಿಯುವ ಹದಿಹರೆಯದವರ ಮಾತ್ರೆಯ ಹೊತ್ತನ್ನು ನಸುಕಿನ ಸೆಹ್ರಿ ಮತ್ತು ಸಂಜೆಯ ಇಫ್ತಾರಿಗೆ ಹೊಂದಿಸಬಹುದೇ ಎಂದು ರಂಜಾನಿಗೆ ಒಂದು ತಿಂಗಳ ಮುಂಚೆಯೇ ಡಾಕ್ಟರನ್ನು ಕೇಳಿಡಬೇಕು. ಕೇಳದಿದ್ದರೆ ಆ ಮಕ್ಕಳು ನಮಗೆ ಹೇಳದೆ ಮಾತ್ರೆ ಬಿಡುತ್ತಾರೆ.

ಹದಿಹರೆಯದವರನ್ನು ಒಂಟಿಯಾಗಿ ಮಾತಾಡಿಸುವ ಮೊದಲು ಗುಟ್ಟಿನ ಮಿತಿ ಹೇಳಬೇಕು. 2012ರ ಪೋಕ್ಸೋ ಕಾಯ್ದೆಯಡಿ ಕೆಲವು ವಿಷಯ ತಿಳಿದ ಮೇಲೆ ವರದಿ ಮಾಡಲೇಬೇಕು. ಎಲ್ಲವನ್ನೂ ಹೇಳಿಸಿಕೊಂಡ ಮೇಲೆ ಇದನ್ನು ತಿಳಿಸಿದರೆ ಅದು ನಂಬಿಕೆದ್ರೋಹ.

ಯೋಜನೆ ಬರೆಯುವಾಗ ನೋಡುವುದು ಮನೆಯವರ ವರ್ಷದ ತಿರುಗಾಟ. ಕಬ್ಬು ಕಡಿಯಲು ಗುಳೆ ಹೋಗುವ ಮನೆಗೆ ‘ವಾರಕ್ಕೆ ಎರಡು ಸಲ ಥೆರಪಿ’ ಎಂದು ಬರೆದರೆ ಆ ಹಾಳೆ ವ್ಯರ್ಥ. ಅವರು ಹೊರಡುವ ಮುಂಚೆ ಮೂರು ಚಟುವಟಿಕೆ ಮಾತ್ರ, ಮಗುವಿನ ಕೈಯಲ್ಲೇ ಮಾಡಿಸಿ ತೋರಿಸಿ, ತಾಯಿಯ ಫೋನಿನಲ್ಲಿ ವಿಡಿಯೊ ಹಿಡಿಸಿ ಕಳಿಸುತ್ತೇನೆ: ಊಟದ ಹೊತ್ತಿನದೊಂದು, ಸ್ನಾನದ ಹೊತ್ತಿನದೊಂದು, ಮಲಗುವ ಮುಂಚಿನದೊಂದು. ಮೂರ್ಛೆ ಇರುವ ಮಗುವಾದರೆ ಗುಳಿಗೆ ಎಷ್ಟು ತಿಂಗಳಿಗೆ ಕೊಡಬಹುದೆಂದು ಡಾಕ್ಟರಿಂದ ಬರೆಸಿ, ಹೋಗುವ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅರ್ಧ ಪುಟದ ಚೀಟಿ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ.ಯ ಅರ್ಜಿ, ನಿರಾಮಯ ವಿಮೆಯ ಅರ್ಜಿ (ಚಿಕಿತ್ಸೆಗೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ) ಊರಿನಲ್ಲಿ ಇರುವಾಗಲೇ ಮುಗಿಸುವುದು. ಮುಂದಿನ ಭೇಟಿಯ ತಾರೀಖನ್ನು ಚೀಟಿಯಲ್ಲಿ ಬರೆದು, ಅದರ ಕೆಳಗೆ ‘ಹೋಳಿ ಆದ ಮೇಲಿನ ಮೊದಲ ಸೋಮವಾರ’ ಎಂದೂ ಬರೆದು, ಒಮ್ಮೆ ಬಾಯಲ್ಲಿ ಹೇಳಿಸಿಕೊಂಡು ಕಳಿಸುತ್ತೇನೆ.