ಹಾರುವ ತಟ್ಟೆ ಹಾರಿಸಿದ್ದೂ ನಾನೇ, ಇಳಿಸಿದ್ದೂ ನಾನೇ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 1977ರ ಫೆಬ್ರವರಿಯಲ್ಲಿ ಮುಂಬಯಿಯ ಒಂದು ಸಣ್ಣ ಕನ್ನಡ ವಾರಪತ್ರಿಕೆಯಲ್ಲಿ, ದಾದರ್ ಚೌಪಾಟಿಯ ಮೇಲೆ ಹಾರುವ ತಟ್ಟೆ ಕಾಣಿಸಿ ‘ಮೂರು ಸುತ್ತು ಹಾಕಿ ಮಾಯವಾಯಿತು’ ಅಂತ ಬಂದಿತ್ತು. ಆ ಮೂರು ಸುತ್ತು ಹಾಕಿಸಿದ್ದು ನಾನು.

ಹಗಲು ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದೆ, ಸಂಜೆ ಆ ಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಆಗ ಒಂದೊಂದೇ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟಬೇಕಿತ್ತು. ಕಾಲಂನ ಕೆಳಗೆ ಎರಡು ಇಂಚು ಖಾಲಿ ಉಳಿದರೆ ಏನಾದರೂ ತುರುಕಲೇಬೇಕು. ತುರ್ತು ಪರಿಸ್ಥಿತಿ ಇನ್ನೂ ಪೂರ್ತಿ ಮುಗಿದಿರಲಿಲ್ಲ, ರಾಜಕೀಯ ಬರೆಯಲು ಎಲ್ಲರಿಗೂ ಕೈ ನಡುಗುತ್ತಿತ್ತು. ಹಾರುವ ತಟ್ಟೆಯಿಂದ ಯಾರಿಗೂ ತೊಂದರೆ ಇರಲಿಲ್ಲ ನೋಡಿ. ಹಾಗಾಗಿ ಅದು ನಮ್ಮ ಪಾಲಿನ ಒಗ್ಗರಣೆ.

ಮಾಟುಂಗಾದ ಖಾನಾವಳಿಯ ಭಟ್ಟರೊಬ್ಬರು ಕಾರ್ಡು ಬರೆದಿದ್ದರು: ಸಮುದ್ರದ ಮೇಲೆ ದೊಡ್ಡ ಬೆಳಕು, ಅಲುಗಾಡಲಿಲ್ಲ, ಆಮೇಲೆ ಕೆಳಗಿಳಿಯಿತು. ಇಷ್ಟೇ. ಒಂದೂವರೆ ಇಂಚಿಗೂ ಸಾಲದು! ಸುತ್ತು ಸೇರಿಸಿದೆ, ‘ನೀಲಿ ಬಣ್ಣ’ ಅಂತಲೂ ಸೇರಿಸಿದೆ. ಮುಂದಿನ ವಾರ ಹೋಟೆಲಿನ ಹುಡುಗರು ಸಂಜೆ ಚೌಪಾಟಿಗೆ ಹೊರಟರು. ನಾನೂ ಹೋದೆ. ನೋಡಿದರೆ ಪಶ್ಚಿಮಕ್ಕೆ ಫಳಫಳ ಹೊಳೆಯುತ್ತಾ ನಿಜವಾಗಲೂ ನಿಂತಿದೆ! ತಮಾಷೆ ಅಂದರೆ, ಸುತ್ತು ಹಾಕಿಸಿದವನು ನಾನೇ ಆದರೂ ಅದು ಯಾವಾಗ ಸುತ್ತುತ್ತದೋ ಅಂತ ಅರ್ಧ ಗಂಟೆ ಕಾದೆ.

‘ತಟ್ಟೆ’ ಅನ್ನುವ ಮಾತೇ ಎಡವಟ್ಟು. 1947ರ ಜೂನ್ 24ರಂದು ಅಮೆರಿಕದಲ್ಲಿ ಮೌಂಟ್ ರೇನಿಯರ್ ಹತ್ತಿರ ವಿಮಾನ ಹಾರಿಸುತ್ತಿದ್ದ ಕೆನೆತ್ ಆರ್ನಾಲ್ಡ್ ಒಂಬತ್ತು ವಸ್ತುಗಳನ್ನು ಕಂಡ. ನೀರಿನ ಮೇಲೆ ಸಾಸರ್ ಎಸೆದರೆ ಕುಪ್ಪಳಿಸಿದ ಹಾಗೆ ಹೋದವು ಅಂತ ತಾನು ಹೇಳಿದ್ದು ಅವುಗಳ ಓಟಕ್ಕೆ ಅಂತ ಆಮೇಲೆ ಅವನೇ ವಿವರಿಸಿದ. ನಾವು ಕೆರೆಯಲ್ಲಿ ಹೆಂಚಿನ ಚೂರು ಎಸೆಯುತ್ತಿದ್ದೆವಲ್ಲ, ಹಾಗೆ. ಪತ್ರಿಕೆಯವರು ಓಟ ಬಿಟ್ಟು ಸಾಸರ್ ಹಿಡಿದುಕೊಂಡರು. ನಾವು ಕನ್ನಡದಲ್ಲಿ ಅದನ್ನೂ ತಟ್ಟೆ ಮಾಡಿದೆವು. ಸಾಸರ್ ಅಂದರೆ ಬಸಿ, ಊಟದ ತಟ್ಟೆ ಬೇರೆ ಅಂತ ನಾನು ಹೇಳಿದೆ, ಹೋಟೆಲಿನವನಿಗೆ ಅಷ್ಟು ಗೊತ್ತಿಲ್ಲವೇ. ‘ಹಾರುವ ಬಸಿ ಅಂದರೆ ಯಾರು ಓದುತ್ತಾರೆ ಮಾರಾಯ’ ಅಂತ ಸಂಪಾದಕರು ನಕ್ಕರು.

1979ರ ಜುಲೈಯಲ್ಲಿ ಸ್ಕೈಲ್ಯಾಬ್ ಗಲಾಟೆ. 77 ಟನ್ನಿನ ಆ ಬಾಹ್ಯಾಕಾಶ ಕೇಂದ್ರ ಎಲ್ಲಿ ಬೀಳುತ್ತದೋ ಅಂತ ಭಯ. ಕೊನೆಗೆ ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಮುಂಬಯಿಯಲ್ಲಿ ಮಳೆಗಾಲ, ಮೋಡ ಬಿಟ್ಟರೆ ಆಕಾಶದಲ್ಲಿ ಏನೂ ಕಾಣುವ ಹಾಗಿಲ್ಲ, ಆದರೂ ಕಂಡವರ ಕಾಗದ ರಾಶಿ ಬಂತು. ಅಲ್ಲಿಂದ ನಾನು ಕಾಗದಗಳನ್ನು ಎಸೆಯದೆ ಒಂದು ನೋಟುಬುಕ್ಕಿಗೆ ಅಂಟಿಸತೊಡಗಿದೆ, ಹಳೆಯ ಸಂಚಿಕೆಗಳ ತುಣುಕುಗಳನ್ನೂ ಸೇರಿಸಿದೆ. ಯಾಕೆ ಅಂದರೆ ಸುಮ್ನೆ.

1985ರ ಜನವರಿ ಹೊತ್ತಿಗೆ ಮತ್ತೆ ಚೌಪಾಟಿಯ ಬೆಳಕು ಶುರುವಾಯಿತು. ಮಾರ್ಚ್ ಕೊನೆಗೆ ಕಾಗದಗಳು ಥಟ್ಟನೆ ನಿಂತವು. ಆ ದಿನಗಳಲ್ಲೇ ನಮ್ಮ ಧಣಿ ಮಗಳ ಮದುವೆಗೆ ಮುಹೂರ್ತ ಹುಡುಕುತ್ತಿದ್ದರು. ‘ಶುಕ್ರ ಮೌಢ್ಯ ಯಾವಾಗಿಂದ ನೋಡೋ’ ಅಂದರು. ಗಲ್ಲಾದ ಹಿಂದೆ ಮೊಳೆಗೆ ತೂಗುಹಾಕಿದ್ದ ಪಂಚಾಂಗ ತೆಗೆದೆ. ಪಶ್ಚಿಮದಲ್ಲಿ ಶುಕ್ರಾಸ್ತ, ಅಂದರೆ ಶುಕ್ರ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿ ಕಾಣದಾಗುವುದು, ಏಪ್ರಿಲ್ ಹತ್ತಿರ. ಬೆರಳು ಅಲ್ಲೇ ನಿಂತಿತು. ರಾತ್ರಿ ನೋಟುಬುಕ್ ತೆರೆದು ನೋಡಿದರೆ 1977ರಲ್ಲೂ ಕಾಗದ ನಿಂತದ್ದು ಅದೇ ಹೊತ್ತಿಗೆ! ಚೌಪಾಟಿಯ ಬೆಳಕು ಶುಕ್ರಗ್ರಹವೇ. ಶುಕ್ರ 8 ವರ್ಷಕ್ಕೊಮ್ಮೆ ಹೆಚ್ಚುಕಮ್ಮಿ ಅದೇ ತಿಂಗಳು, ಅದೇ ಜಾಗಕ್ಕೆ ಬರುತ್ತದೆ. ಭಟ್ಟರು ಬರೆದದ್ದು ಅಕ್ಷರಶಃ ಸರಿಯಾಗಿತ್ತು: ಅಲುಗಾಡಲಿಲ್ಲ, ಕೆಳಗಿಳಿಯಿತು. ಕೆಡಿಸಿದ್ದು ನಾನು.

ಆಮೇಲೆ ಯಾರೇ ಬರೆದರೂ ಒಂದು ಜವಾಬು ಕಾರ್ಡು ಹಾಕುತ್ತಿದ್ದೆ. ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ಎಷ್ಟು ಹೊತ್ತು, ಮತ್ತೆ ಎಷ್ಟು ಎತ್ತರದಲ್ಲಿ? ಎತ್ತರಕ್ಕೆ ಡಿಗ್ರಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೈ ಚಾಚಿ ಮುಷ್ಟಿ ಹಿಡಿಯಿರಿ, ದಿಗಂತದಿಂದ ಎಷ್ಟು ಮುಷ್ಟಿ ಮೇಲೆ ಅಂತ ಕೇಳುವುದು. ಒಂದು ಮುಷ್ಟಿ ಸುಮಾರು 10 ಡಿಗ್ರಿ. ಇಷ್ಟಕ್ಕೆ ಉತ್ತರ ಬಂದರೆ ಅರ್ಧ ಕೆಲಸ ಆದಂತೆ. ಸಾಂತಾಕ್ರೂಜ್‌ಗೆ ಇಳಿಯುವ ವಿಮಾನ ನೇರ ನಮ್ಮ ಕಡೆಗೇ ಬರುತ್ತಿದ್ದರೆ ಅದರ ದೀಪ ನಿಮಿಷಗಟ್ಟಲೆ ನಿಂತ ಹಾಗೇ ಕಾಣುತ್ತದೆ, ತಿರುಗಿದಾಗ ಥಟ್ಟನೆ ಮಾಯ. ಬೀದರ್ ಕಡೆಯ ನೆಂಟರು ಕಳಿಸಿದ ತುಣುಕಿನಲ್ಲಿದ್ದ ‘ಬೆಳ್ಳಿ ಚೆಂಡು’ ಬಹುಶಃ ಬಲೂನು. ನಮ್ಮ ಕೊಲಾಬಾದ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್ಆರ್‌ನವರು ಹೈದರಾಬಾದಿನಿಂದ ಸಂಶೋಧನೆಗೆ ಹಾರಿಬಿಡುವ ಬಲೂನುಗಳು 30 ಕಿಲೋಮೀಟರಿಗೂ ಮೇಲೆ ಏರುತ್ತವೆ. ಕೆಳಗೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಬಿಸಿಲು ಇರುತ್ತದೆ, ಅದಕ್ಕೇ ಆ ಹೊಳಪು.

ಎಲ್ಲವೂ ಬಿಡಿಸಿದೆ ಅಂತ ಜಂಬ ಇಲ್ಲ. ಐದಾರು ಕಾಗದ ಇನ್ನೂ ಹಾಗೇ ಇವೆ. ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಕೊಂಡ ಹಳೇ ಪುಸ್ತಕದಲ್ಲಿ ಓದಿದ್ದೆ: ಅಮೆರಿಕದ ವಾಯುಪಡೆ 1969ರಲ್ಲಿ ಹಾರುವ ತಟ್ಟೆಗಳ ಬಗೆಗಿನ ತನ್ನ ‘ಬ್ಲೂ ಬುಕ್’ ತನಿಖೆ ಮುಚ್ಚಿದಾಗ 12,618 ವರದಿಗಳಲ್ಲಿ 701 ಬಿಡಿಸದೆ ಉಳಿದಿದ್ದವಂತೆ. ಅವರಿಗೇ ಹಾಗಾದರೆ ನನ್ನ ಐದಾರು ಏನು ಮಹಾ.

2022ರ ಏಪ್ರಿಲ್ 2, ಯುಗಾದಿ ಸಂಜೆ. ಅಳಿಯ ಫೋನಿಗೆ ವಿಡಿಯೋ ಕಳಿಸಿದ. ಆಕಾಶದಲ್ಲಿ ಬೆಂಕಿಯ ಸಾಲು, ನಿಧಾನಕ್ಕೆ ಚೂರಾಗುತ್ತಾ ಹೋಗುತ್ತಿದೆ. ‘ಯಾವ ದಿಕ್ಕಿಗೋ?’ ಅಂದೆ. ‘ಅದನ್ನ ಯಾರೂ ಬರೆದಿಲ್ಲ ಮಾವ, ಫಾರ್ವರ್ಡ್ ಬಂದದ್ದು’ ಅಂದ. ಅದೇ ರಾತ್ರಿ ಚಂದ್ರಪುರ ಜಿಲ್ಲೆಯ ಲಾಡಬೋರಿ ಅನ್ನುವ ಹಳ್ಳಿಯಲ್ಲಿ ದೊಡ್ಡ ಲೋಹದ ಬಳೆ ಸಿಕ್ಕಿತು, ಸುಮಾರು 3 ಮೀಟರ್ ಅಗಲ. ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಚೂರು ಅಂತ ತಿಳಿದವರು ಹೇಳಿದರು. ನನ್ನ ಜೀವಮಾನದಲ್ಲಿ ಮೊದಲ ಸಲ ಆಕಾಶದಿಂದ ನಿಜವಾಗಿಯೂ ದುಂಡಗಿನ ವಸ್ತು ಬಿದ್ದಿತ್ತು, ಆದರೆ ನಾನು ಓದಿದ ಯಾವ ಪೇಪರಿನವರೂ ಅದನ್ನು ತಟ್ಟೆ ಅನ್ನಲಿಲ್ಲ.