ಒಂದೇ ‘ಮಾಡು’ ಸಾಲದು: ಇಂಗ್ಲಿಷ್ ಪದಜೋಡಿ ತಿದ್ದಿಕೊಂಡ ಬಗೆ

ನನ್ನ ಕಚೇರಿ ಮೇಲ್‌ಗಳಲ್ಲಿ ವ್ಯಾಕರಣ ಸರಿಯಿದ್ದರೂ ಓದುವಾಗ ಏನೋ ತೊಡಕು. ಒಮ್ಮೆ ಹಿರಿಯ ಸಹೋದ್ಯೋಗಿಯೊಬ್ಬರು ‘ಡಿಡ್ ಎ ಮಿಸ್ಟೇಕ್’ ಎಂಬಲ್ಲಿ ಗೆರೆ ಎಳೆದು ‘ಮೇಡ್’ ಎಂದು ತಿದ್ದಿಕೊಟ್ಟರು. ಕಾರಣ ಆಗ ಹೊಳೆಯಿತು. ತಪ್ಪು, ಕೆಲಸ, ಭಾಷಣ, ಫೋನು, ನಮ್ಮಲ್ಲಿ ಎಲ್ಲಕ್ಕೂ ‘ಮಾಡು’ ಸಾಕು. ಇಂಗ್ಲಿಷಿನಲ್ಲಿ ಮಿಸ್ಟೇಕ್‌ಗೆ ಮೇಕ್, ಹೋಮ್‌ವರ್ಕ್‌ಗೆ ಡು, ಸ್ಪೀಚ್‌ಗೆ ಗಿವ್. ಮಳೆ ‘ಹೆವಿ’ ಆದರೆ ಗಾಳಿ ‘ಸ್ಟ್ರಾಂಗ್’.

ಹೀಗೆ ಕೆಲವು ಪದಗಳು ರೂಢಿಯಿಂದ ಜೊತೆಯಾಗಿ ಬರುವುದನ್ನು ಕೊಲೊಕೇಶನ್ ಅನ್ನುತ್ತಾರೆ. ಪದವನ್ನು ಅದರ ಸಹವಾಸದಿಂದ ಅರಿಯಬೇಕು ಎಂಬರ್ಥದ ಮಾತನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಬರೆದಿದ್ದರು. ಕನ್ನಡದಲ್ಲೂ ಹಾಗೇ ಅಲ್ಲವೇ? ಕೊರೆಯುವ ಚಳಿ ಅನ್ನುತ್ತೇವೆ, ಕೊರೆಯುವ ಬಿಸಿಲು ಅನ್ನುವುದಿಲ್ಲ. ಈ ಹೋಲಿಕೆ ಸಿಕ್ಕಿದ ಮೇಲೆ ನನ್ನ ಭಯ ಅರ್ಧ ಇಳಿಯಿತು.

ಅಲ್ಲಿಂದ ಬಿಡಿ ಪದ ಕಲಿಯುವುದನ್ನು ಬಿಟ್ಟೆ. ನೋಟ್‌ಬುಕ್ಕಿನಲ್ಲಿ ‘ಡಿಸಿಷನ್’ ಎಂದಷ್ಟೇ ಬರೆಯದೆ ‘ಮೇಕ್ ಎ ಡಿಸಿಷನ್’ ಎಂದು ಇಡಿಯಾಗಿ ಬರೆದುಕೊಂಡೆ. ಮೇಲ್ ಕಳಿಸುವ ಮುನ್ನ ನಾಮಪದಗಳನ್ನಷ್ಟೇ ಹುಡುಕಿ, ಪಕ್ಕದ ಕ್ರಿಯಾಪದ ಕನ್ನಡದಿಂದ ಬಂದದ್ದೇ ಎಂದು ನೋಡುತ್ತೇನೆ. ಅನುಮಾನವಿದ್ದರೆ ಆ ಜೋಡಿಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿ, ಒಳ್ಳೆಯ ಪತ್ರಿಕೆಗಳು ಹೇಗೆ ಬಳಸಿವೆ ಎಂದು ಓದುತ್ತೇನೆ. ಎಷ್ಟು ಫಲಿತಾಂಶ ಬಂತು ಎಂಬ ಲೆಕ್ಕ ನಂಬಬೇಡಿ, ತಪ್ಪು ಜೋಡಿಗೂ ರಾಶಿ ರಾಶಿ ಸಿಗುತ್ತವೆ.

ಬಹಳ ಕಾಡಿದ್ದು ‘ಡಿಸ್ಕಸ್ ಅಬೌಟ್’. ‘ಬಗ್ಗೆ ಚರ್ಚಿಸು’ ನಾಲಿಗೆಗೆ ಅಂಟಿತ್ತು. ಡಿಸ್ಕಸ್‌ಗೆ ಅಬೌಟ್ ಬೇಡ, ‘ಡಿಸ್ಕಷನ್’ ಆದಾಗ ಮಾತ್ರ ಅಬೌಟ್ ಸೇರುತ್ತದೆ. ಈಗಲೂ ಆ ಪದ ಬಂದಾಗ ಕೈ ಒಂದು ಕ್ಷಣ ನಿಲ್ಲುತ್ತದೆ.