ಕೈರೋ ಗ್ರಾಫಿಕ್ಸ್ ಲೈಬ್ರರಿ: ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡುವುದು ಹೇಗೆ?

ಲಿನಕ್ಸ್‌ನಲ್ಲಿ ಇಂಕ್‌ಸ್ಕೇಪ್ ತೆರೆದು ಒಂದು ವೃತ್ತ ಎಳೆದರೆ ಅದನ್ನು ಪರದೆಯ ಮೇಲೆ ಮೂಡಿಸುವ ಕೆಲಸ ಕೈರೋ ಎಂಬ ಲೈಬ್ರರಿಯದ್ದು. ಜಿಟಿಕೆ 3 ಆಧರಿಸಿದ ತಂತ್ರಾಂಶಗಳ ಬಟನ್ನು, ಮೆನು, ಅಂಚುಗೆರೆಗಳನ್ನು ಬಿಡಿಸುವುದೂ ಅದೇ. ಕೀತ್ ಪ್ಯಾಕರ್ಡ್ ಮತ್ತು ಕಾರ್ಲ್ ವರ್ತ್ ಶುರು ಮಾಡಿದ ಈ ಲೈಬ್ರರಿಯ 1.0 ಆವೃತ್ತಿ ಬಂದದ್ದು 2005ರಲ್ಲಿ. ಸಿ ಭಾಷೆಯಲ್ಲಿ ಬರೆದದ್ದು, ಮುಕ್ತ ತಂತ್ರಾಂಶ. ಒಂದೇ ಚಿತ್ರವನ್ನು ಪರದೆಗೂ, ಪಿಎನ್‌ಜಿಗೂ, ಪಿಡಿಎಫ್‌ಗೂ, ಎಸ್‌ವಿಜಿಗೂ ಒಂದೇ ಬಗೆಯ ಕೋಡ್‌ನಿಂದ ಬರೆಸಬಹುದು ಎಂಬುದೇ ಅದರ ಹೆಚ್ಚುಗಾರಿಕೆ.

ಸಿದ್ಧ ಪ್ಯಾಕೇಜ್ ಸಾಕು ಎನ್ನುವವರು ಕಂಪೈಲ್ ಮಾಡುವ, ಅಂದರೆ ಸೋರ್ಸ್ ಕೋಡ್‌ನಿಂದ ತಾವೇ ಲೈಬ್ರರಿ ಕಟ್ಟಿಕೊಳ್ಳುವ ಗೊಡವೆಗೇ ಹೋಗಬೇಕಿಲ್ಲ. ಉಬುಂಟುವಿನಲ್ಲಿ ಲಿಬ್‌ಕೈರೋ2-ಡೆವ್ ಹಾಕಿಕೊಂಡರೆ ಕೆಲಸ ಮುಗಿಯಿತು. ಆದರೆ ಉಬುಂಟು 22.04ರಲ್ಲಿ ಸಿಗುವುದು 1.16.0, ಅಂದರೆ 2018ರ ಸರಕು. ಬಣ್ಣದ ಫಾಂಟ್‌ಗಳಿಗೆ ಹೆಚ್ಚಿನ ಬೆಂಬಲ ಸೇರಿದ್ದು 2023ರಲ್ಲಿ ಬಂದ 1.18ರಲ್ಲಿ. ಹೊಸ ಸೌಲಭ್ಯ ಬೇಕಾದವರಿಗೆ, ದೋಷವೊಂದು ಹೊಸ ಆವೃತ್ತಿಯಲ್ಲಿ ಸರಿಹೋಗಿದೆಯೇ ಎಂದು ನೋಡಬೇಕಾದವರಿಗೆ, ಒಳಗಿನ ಕೋಡ್ ತಿದ್ದಿ ಪ್ರಯೋಗ ಮಾಡುವ ವಿದ್ಯಾರ್ಥಿಗಳಿಗೆ ಕಂಪೈಲ್ ಮಾಡದೆ ಗತ್ಯಂತರವಿಲ್ಲ. ಕಂಪೈಲ್ ಮಾಡುವುದು ಎರಡು ಸಾಲಿನ ಕೆಲಸ. ಜನ ಎಡವುವುದು ಅದಕ್ಕೆ ಮುಂಚೆ ಮತ್ತು ಅದರ ನಂತರ. ಹಾಗಾಗಿ ಈ ಲೇಖನದ ಹೆಚ್ಚು ಜಾಗ ಆ ಎರಡಕ್ಕೇ.

ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ, ಉಳಿದದ್ದೆಲ್ಲ ಸಣ್ಣಕ್ಷರ.

ಮೊದಲು ಸಲಕರಣೆ

ಉಬುಂಟು ಅಥವಾ ಡೆಬಿಯನ್‌ನಲ್ಲಿ ಹೀಗೆ ಶುರು ಮಾಡಿ:

ಸುಡೋ ಎಪಿಟಿ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಮೆಸನ್ ನಿಂಜಾ-ಬಿಲ್ಡ್ ಪಿಕೆಜಿ-ಕಾನ್ಫಿಗ್

ಬಿಲ್ಡ್-ಎಸೆನ್ಶಿಯಲ್‌ನಲ್ಲಿ ಜಿಸಿಸಿ ಕಂಪೈಲರ್ ಬರುತ್ತದೆ. ಯಾವುದನ್ನು ಹೇಗೆ ಕಟ್ಟಬೇಕೆಂದು ನಿರ್ಧರಿಸುವುದು ಮೆಸನ್, ನಿಜವಾಗಿ ಕಟ್ಟಿಸುವುದು ನಿಂಜಾ, ಬೇಕಾದ ಲೈಬ್ರರಿಗಳು ಎಲ್ಲಿವೆಯೆಂದು ಹೇಳುವುದು ಪಿಕೆಜಿ-ಕಾನ್ಫಿಗ್. ಅಂತರ್ಜಾಲದ ಹಳೆಯ ಮಾರ್ಗದರ್ಶಿಗಳಲ್ಲಿ 'ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್' ಎಂಬ ತ್ರಿಪದಿ ಕಾಣಿಸಿದರೆ ಅಲ್ಲೇ ಬಿಟ್ಟುಬಿಡಿ. 1.18ರಲ್ಲಿ ಆ ಹಳೆಯ ದಾರಿಯನ್ನೇ ತೆಗೆದುಹಾಕಿದ್ದಾರೆ, ಕಾನ್ಫಿಗರ್ ಎಂಬ ಫೈಲೇ ಇರುವುದಿಲ್ಲ. ಓಪನ್‌ಜಿಎಲ್ ಮೂಲಕ ಚಿತ್ರ ಬಿಡಿಸುವ ಭಾಗವೂ ಆ ಆವೃತ್ತಿಯಲ್ಲಿ ಹೋಯಿತು. ಅದನ್ನು ಚಾಲೂ ಮಾಡುವ ಸೂಚನೆಗಳಿಗೂ ಈಗ ಅರ್ಥವಿಲ್ಲ.

ಇನ್ನು ಕೈರೋಗೆ ಬೇಕಾದ ಬೇರೆ ಲೈಬ್ರರಿಗಳು. ಪಿಕ್ಸೆಲ್ ಲೆಕ್ಕಾಚಾರಕ್ಕೆ ಪಿಕ್ಸ್‌ಮನ್, ಅಕ್ಷರದ ಆಕಾರಕ್ಕೆ ಫ್ರೀಟೈಪ್, ಯಾವ ಫಾಂಟ್ ಎಲ್ಲಿದೆಯೆಂದು ಹುಡುಕಲು ಫಾಂಟ್‌ಕಾನ್ಫಿಗ್, ಪಿಎನ್‌ಜಿ ಬರೆಯಲು ಲಿಬ್‌ಪಿಎನ್‌ಜಿ. ಒಂದೊಂದನ್ನೇ ಹೆಸರಿಸಿ ಹಾಕಬಹುದು, ಆದರೆ ಒಂದೇ ಏಟಿಗೆ ಎಲ್ಲವನ್ನೂ ತರುವ ಉಪಾಯವಿದೆ:

ಸುಡೋ ಎಪಿಟಿ ಬಿಲ್ಡ್-ಡೆಪ್ ಕೈರೋ

ಇದು ಕೆಲಸ ಮಾಡಬೇಕಾದರೆ 'ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್' ಕಿಟಕಿಯಲ್ಲಿ 'ಸೋರ್ಸ್ ಕೋಡ್' ಎಂಬಲ್ಲಿ ಟಿಕ್ ಹಾಕಿ, ಒಮ್ಮೆ ಎಪಿಟಿ ಅಪ್‌ಡೇಟ್ ಓಡಿಸಿರಬೇಕು.

ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: 'ಲಿಬ್‌ಪಿಎನ್‌ಜಿ ನನ್ನ ಕಂಪ್ಯೂಟರ್‌ನಲ್ಲಿ ಮೊದಲೇ ಇದೆ, ಆದರೂ ಸಿಗಲಿಲ್ಲ ಎನ್ನುತ್ತದಲ್ಲ?' ಇರುವುದು ಓಡಿಸಲು ಬೇಕಾದ ಭಾಗ ಮಾತ್ರ. ಅದರ ಮೇಲೆ ಹೊಸದನ್ನು ಕಟ್ಟಲು ಅದರ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ಪರಿಚಯಿಸುವ ಹೆಡರ್ ಫೈಲುಗಳೂ ಪಿಕೆಜಿ-ಕಾನ್ಫಿಗ್ ಓದುವ ಪುಟ್ಟ ವಿವರ ಫೈಲೂ ಬೇಕು. ಅವು ಇರುವುದು ಹೆಸರಿನ ಕೊನೆಗೆ 'ಡೆವ್' ಎಂದಿರುವ ಪ್ಯಾಕೇಜಿನಲ್ಲಿ.

ಸೋರ್ಸ್ ಕೋಡ್ ಅನ್ನು ಕೈರೋಗ್ರಾಫಿಕ್ಸ್ ಡಾಟ್ ಆರ್ಗ್ ತಾಣದ ರಿಲೀಸಸ್ ವಿಭಾಗದಿಂದ ಇಳಿಸಿಕೊಳ್ಳಿ. 1.18 ಸರಣಿಯದ್ದಿರಲಿ. 1.17 ಎಂದಿರುವುದು ಪ್ರಯೋಗದ ಆವೃತ್ತಿ. ಕೈರೋದಲ್ಲಿ ನಡುವಿನ ಅಂಕಿ ಸಮಸಂಖ್ಯೆಯಾಗಿದ್ದರೆ ಸ್ಥಿರ, ಬೆಸವಾಗಿದ್ದರೆ ಅಭಿವೃದ್ಧಿಯ ಹಂತ ಎಂದು ಲೆಕ್ಕ. ಇಳಿಸಿದ ಫೈಲನ್ನು ಬಿಚ್ಚಿ ಒಳಗೆ ಹೋಗಿ:

ಟಾರ್ -ಎಕ್ಸ್‌ಎಫ್ ಕೈರೋ-1.18.4.ಟಾರ್.ಎಕ್ಸ್‌ಜೆಡ್
ಸಿಡಿ ಕೈರೋ-1.18.4

ಎಲ್ಲಿ ಇಡಬೇಕು?

ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರ ಇದು, ಮತ್ತು ಹೆಚ್ಚಿನ ಮಾರ್ಗದರ್ಶಿಗಳು ಹಾರಿಸಿಬಿಡುವುದೂ ಇದನ್ನೇ. ನೀವು ಏನೂ ಹೇಳದಿದ್ದರೆ ಮೆಸನ್ ಹೊಸ ಕೈರೋವನ್ನು ಯುಎಸ್‌ಆರ್ ಫೋಲ್ಡರಿನೊಳಗಿನ ಲೋಕಲ್ ಎಂಬಲ್ಲಿ ಇಡುತ್ತದೆ. ಅದು ವ್ಯವಸ್ಥೆಯ ಸ್ವಂತ ಕೈರೋ ಇರುವ ಜಾಗವಲ್ಲ, ಹಾಗಾಗಿ ತೊಂದರೆಯಿಲ್ಲ ಎಂದು ಅನ್ನಿಸುತ್ತದೆ. ಆದರೆ ಉಬುಂಟುವಿನಲ್ಲಿ ಪ್ರೋಗ್ರಾಂಗಳು ಲೈಬ್ರರಿ ಹುಡುಕುವಾಗ ಲೋಕಲ್ ಫೋಲ್ಡರ್ ಸಾಲಿನಲ್ಲಿ ಮುಂದೆ ನಿಂತಿರುತ್ತದೆ. 1.16 ಆಗಲಿ 1.18 ಆಗಲಿ, ಲೈಬ್ರರಿಯ ಫೈಲಿನ ಹೆಸರು ಲಿಬ್‌ಕೈರೋ.ಎಸ್‌ಒ.2 ಎಂದೇ. ಆದ್ದರಿಂದ ಲೈಬ್ರರಿಗಳ ಪಟ್ಟಿ ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಆದೇಶ ಓಡಿದ ಮರುಗಳಿಗೆಯಿಂದ, ವ್ಯವಸ್ಥೆಯ ಕೈರೋ ಬಳಸುವ, ಹೊಸದಾಗಿ ತೆರೆಯುವ ಪ್ರತಿಯೊಂದು ತಂತ್ರಾಂಶವೂ ನೀವು ಕಟ್ಟಿದ ಕೈರೋವನ್ನೇ ಎತ್ತಿಕೊಳ್ಳುತ್ತದೆ. ಅದರಲ್ಲಿ ಫಾಂಟ್‌ಕಾನ್ಫಿಗ್ ಬೆಂಬಲ ಬಿಟ್ಟುಹೋಗಿದ್ದರೆ ಡೆಸ್ಕ್‌ಟಾಪ್ ತಂತ್ರಾಂಶಗಳು ತೆರೆಯುವುದೇ ಕಷ್ಟವಾಗಬಹುದು. ವಾಸವಿರುವ ಮನೆಯ ಪಾಯ ಅಗೆಯುವ ಬದಲು ಪಕ್ಕದ ಸೈಟಿನಲ್ಲಿ ಕಟ್ಟಿ ನೋಡುವುದು ಲೇಸು.

ಆ ಪಕ್ಕದ ಸೈಟು ನಿಮ್ಮ ಹೋಮ್ ಫೋಲ್ಡರಿನಲ್ಲೇ ಇರಲಿ:

ಮೆಸನ್ ಸೆಟಪ್ ಬಿಲ್ಡ್ --ಪ್ರಿಫಿಕ್ಸ್=$ಹೋಮ್/ಟೂಲ್ಸ್/ಕೈರೋ --ಲಿಬ್‌ಡಿರ್=ಲಿಬ್ --ಬಿಲ್ಡ್‌ಟೈಪ್=ರಿಲೀಸ್ --ವ್ರ್ಯಾಪ್-ಮೋಡ್=ನೋಫಾಲ್‌ಬ್ಯಾಕ್ -ಡಿಟೆಸ್ಟ್ಸ್=ಡಿಸೇಬಲ್ಡ್

ಇಷ್ಟೂ ಒಂದೇ ಸಾಲು. ಹೋಮ್ ಪೂರ್ತಿ ದೊಡ್ಡಕ್ಷರ, ಕೊನೆಯ ಆಯ್ಕೆಯ ಆರಂಭದ 'ಡಿ' ಕೂಡ ದೊಡ್ಡಕ್ಷರ. ವ್ರ್ಯಾಪ್ ಎಂದದ್ದು ಡಬ್ಲ್ಯುವಿನಿಂದ ಶುರುವಾಗುವ ಪದ.

ಲಿಬ್‌ಡಿರ್ ಹೇಳದಿದ್ದರೆ ಉಬುಂಟುವಿನಲ್ಲಿ ಲೈಬ್ರರಿ ಪ್ರೊಸೆಸರ್ ಹೆಸರಿನ ಉದ್ದದ ಒಳಫೋಲ್ಡರಿಗೂ, ಫೆಡೋರಾದಲ್ಲಿ ಲಿಬ್64 ಎಂಬಲ್ಲಿಗೂ ಹೋಗುತ್ತದೆ. ಆಮೇಲೆ ಹುಡುಕಾಟ. ಬಿಲ್ಡ್‌ಟೈಪ್ ರಿಲೀಸ್ ಎಂದರೆ ವೇಗಕ್ಕೆ ಒತ್ತು, ಒಳಗಿನ ದೋಷ ಹುಡುಕುವವರು ಡೀಬಗ್ ಎಂದು ಕೊಡಲಿ. ಟೆಸ್ಟ್ ಫೈಲುಗಳು ಬಹಳವಿರುವುದರಿಂದ ಅವನ್ನು ಬಿಟ್ಟರೆ ಸಮಯ ಉಳಿಯುತ್ತದೆ.

ವ್ರ್ಯಾಪ್-ಮೋಡ್ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳಬೇಕು. ಬೇಕಾದ ಲೈಬ್ರರಿ ಸಿಗದಿದ್ದರೆ ಮೆಸನ್ ಸುಮ್ಮನೆ ನಿಲ್ಲದೆ ಅದರ ಸೋರ್ಸ್ ಅನ್ನು ತಾನೇ ಅಂತರ್ಜಾಲದಿಂದ ತಂದು ಜೊತೆಯಲ್ಲೇ ಕಟ್ಟಲು ಹೊರಡುತ್ತದೆ. ಮೇಲ್ನೋಟಕ್ಕೆ ಉಪಕಾರ. ಆದರೆ ಹೀಗೆ ಫಾಂಟ್‌ಕಾನ್ಫಿಗ್ ಕಟ್ಟಿಕೊಂಡರೆ, ಅದು ಫಾಂಟ್‌ಗಳ ಸೆಟ್ಟಿಂಗ್ ಹುಡುಕುವುದು ನಿಮ್ಮ ಹೊಸ ಫೋಲ್ಡರಿನೊಳಗೆ. ಪರದೆಯ ಮೇಲೆ ಬೇರೆಲ್ಲ ಕಡೆ ಕಾಣುವ ಫಾಂಟ್ ನಿಮ್ಮ ಪ್ರೋಗ್ರಾಂಗೆ ಮಾತ್ರ ಬೇರೆಯಾಗಿ ಸಿಗುವ ವಿಚಿತ್ರ ಸಮಸ್ಯೆಗಳು ಹುಟ್ಟುವುದು ಹೀಗೆ. ನೋಫಾಲ್‌ಬ್ಯಾಕ್ ಎಂದರೆ 'ಸಿಗದಿದ್ದರೆ ನನಗೆ ಹೇಳು, ನೀನೇ ತರಬೇಡ' ಎಂದಂತೆ.

ವರದಿಯನ್ನು ಓದಿ

ಸೆಟಪ್ ಮುಗಿದಾಗ ಮೆಸನ್ ಉದ್ದನೆಯ ಪಟ್ಟಿ ಮುದ್ರಿಸುತ್ತದೆ. ಎಲ್ಲರೂ ಕಣ್ಣಾಡಿಸದೆ ಮುಂದಿನ ಆದೇಶ ಟೈಪ್ ಮಾಡುತ್ತಾರೆ. ದಯವಿಟ್ಟು ನಿಲ್ಲಿ. 'ಸರ್ಫೇಸ್ ಬ್ಯಾಕೆಂಡ್ಸ್' ಎಂಬ ತಲೆಬರಹದ ಕೆಳಗೆ ಇಮೇಜ್, ಎಕ್ಸ್‌ಲಿಬ್, ಪಿಡಿಎಫ್, ಎಸ್‌ವಿಜಿ ಇತ್ಯಾದಿಗಳ ಎದುರು ಯೆಸ್ ಅಥವಾ ನೋ ಇರುತ್ತದೆ. 'ಫಾಂಟ್ ಬ್ಯಾಕೆಂಡ್ಸ್' ಕೆಳಗೆ ಫ್ರೀಟೈಪ್ ಮತ್ತು ಫಾಂಟ್‌ಕಾನ್ಫಿಗ್ ಎರಡಕ್ಕೂ ಯೆಸ್ ಇರಲೇಬೇಕು.

ಇದರ ಹಿಂದಿನ ಕಾರಣ ಇಷ್ಟೇ: ಕೈರೋದ ಬಹುಪಾಲು ಸೌಲಭ್ಯಗಳು 'ಆಟೋ' ಸ್ಥಿತಿಯಲ್ಲಿರುತ್ತವೆ. ಲೈಬ್ರರಿ ಸಿಕ್ಕರೆ ಸೇರಿಸು, ಸಿಗದಿದ್ದರೆ ತಕರಾರಿಲ್ಲದೆ ಬಿಡು ಎಂದು ಅರ್ಥ. ಲಿಬ್‌ಪಿಎನ್‌ಜಿ ಡೆವ್ ಪ್ಯಾಕೇಜ್ ಇಲ್ಲದಿದ್ದರೂ ಕಂಪೈಲ್ ಸರಾಗವಾಗಿ ಮುಗಿಯುತ್ತದೆ. ಆಮೇಲೆ ನಿಮ್ಮ ಪ್ರೋಗ್ರಾಂ ಪಿಎನ್‌ಜಿ ಬರೆಯಲು ಹೋದಾಗ ಆ ಫಂಕ್ಷನ್ನೇ ಇಲ್ಲ ಎಂಬ ದೂರು ಬರುತ್ತದೆ, ನೀವು ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕುತ್ತ ಕೂರುತ್ತೀರಿ. ಖಂಡಿತ ಬೇಕಾದದ್ದನ್ನು '-ಡಿಪಿಎನ್‌ಜಿ=ಎನೇಬಲ್ಡ್', '-ಡಿಫಾಂಟ್‌ಕಾನ್ಫಿಗ್=ಎನೇಬಲ್ಡ್' ಎಂದು ಸೆಟಪ್ ಸಾಲಿಗೇ ಸೇರಿಸಿ, ಆರಂಭದ 'ಡಿ' ಇಲ್ಲೂ ದೊಡ್ಡಕ್ಷರ. ಆಗ ಕೊರತೆಯಿದ್ದರೆ ಅಲ್ಲೇ ನಿಲ್ಲುತ್ತದೆ. ಬಿಟ್ಟುಹೋದ ಪ್ಯಾಕೇಜ್ ಹಾಕಿದ ಮೇಲೆ ಬಿಲ್ಡ್ ಫೋಲ್ಡರ್ ಅಳಿಸಿ ಸೆಟಪ್ ಅನ್ನು ಮೊದಲಿನಿಂದ ಓಡಿಸುವುದು ಸುರಕ್ಷಿತ.

ಮೆಸನ್ ಆವೃತ್ತಿಯೇ ಹಳೆಯದಾಯಿತು ಎಂಬ ದೋಷ ಬಂದರೆ ಪೈಥಾನ್ ತಂತ್ರಾಂಶಗಳನ್ನು ಹಾಕಿಕೊಡುವ ಪಿಪ್‌ಎಕ್ಸ್ ಮೂಲಕ ಹೊಸ ಮೆಸನ್ ಹಾಕಿಕೊಳ್ಳಬಹುದು.

ಈಗ ಕಂಪೈಲ್

ಮೆಸನ್ ಕಂಪೈಲ್ -ಸಿ ಬಿಲ್ಡ್
ಮೆಸನ್ ಇನ್‌ಸ್ಟಾಲ್ -ಸಿ ಬಿಲ್ಡ್

ಎರಡರಲ್ಲೂ 'ಸಿ' ದೊಡ್ಡಕ್ಷರ. ಎರಡಕ್ಕೂ ಸುಡೋ (ನಿರ್ವಾಹಕರ ಅಧಿಕಾರ) ಬೇಡ, ಇಡುವುದು ನಿಮ್ಮದೇ ಫೋಲ್ಡರಿನಲ್ಲಿ ತಾನೆ. ನಿಂಜಾ ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ದುಡಿಸಿಕೊಳ್ಳುತ್ತದೆ. 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಉಸಿರುಗಟ್ಟಿದರೆ ಕಂಪೈಲ್ ಆದೇಶದ ಕೊನೆಗೆ -ಜೆ 2 ಎಂದು ಸೇರಿಸಿ. ನಡುವೆ ದೋಷ ಬಂದರೆ ಪರದೆಯ ಕೊನೆಯ ಸಾಲು ನೋಡಿ ಗಾಬರಿಯಾಗಬೇಡಿ. ಮೇಲಕ್ಕೆ ಹೋಗಿ 'ಫೇಲ್ಡ್' ಎಂದು ಮೊದಲ ಸಲ ಕಾಣಿಸುವ ಜಾಗ ಹಿಡಿಯಿರಿ, ಅಸಲು ಕಾರಣ ಅದರ ಆಸುಪಾಸಿನಲ್ಲೇ ಇರುತ್ತದೆ.

ಇನ್ನು ನಿಮ್ಮ ಪ್ರೋಗ್ರಾಂಗಳಿಗೆ ಹೊಸ ಕೈರೋದ ವಿಳಾಸ ತಿಳಿಸಬೇಕು. ಅದಕ್ಕೆ ಎರಡು ಸಾಲು:

ಎಕ್ಸ್‌ಪೋರ್ಟ್ ಪಿಕೆಜಿ_ಕಾನ್ಫಿಗ್_ಪಾತ್=$ಹೋಮ್/ಟೂಲ್ಸ್/ಕೈರೋ/ಲಿಬ್/ಪಿಕೆಜಿಕಾನ್ಫಿಗ್
ಎಕ್ಸ್‌ಪೋರ್ಟ್ ಎಲ್‌ಡಿ_ಲೈಬ್ರರಿ_ಪಾತ್=$ಹೋಮ್/ಟೂಲ್ಸ್/ಕೈರೋ/ಲಿಬ್

ಸಮಚಿಹ್ನೆಯ ಎಡಕ್ಕಿರುವ ಹೆಸರುಗಳೂ ಬಲಕ್ಕಿರುವ ಹೋಮ್ ಕೂಡ ದೊಡ್ಡಕ್ಷರದಲ್ಲಿರಲಿ. ಮೊದಲನೆಯದು ಕಂಪೈಲ್ ಮಾಡುವಾಗ ಬೇಕಾಗುವುದು, ಎರಡನೆಯದು ಓಡಿಸುವಾಗ. ಇವು ಆ ಟರ್ಮಿನಲ್‌ಗೆ ಮಾತ್ರ ಅನ್ವಯ, ಹಾಗಾಗಿ ಈ ಸಾಲುಗಳನ್ನು ಟರ್ಮಿನಲ್ ತೆರೆದಾಗಲೆಲ್ಲ ಓಡುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಕಾಯಂ ಮಾಡುವ ಆಸೆ ಬರುತ್ತದೆ. ಬೇಡ. ಹಾಗೆ ಮಾಡಿದರೆ ಟರ್ಮಿನಲ್‌ನಿಂದ ತೆರೆದ ಎಲ್ಲ ತಂತ್ರಾಂಶಗಳೂ ಪ್ರಯೋಗದ ಕೈರೋವನ್ನೇ ಬಳಸತೊಡಗುತ್ತವೆ, ಪಾಯ ಅಗೆದಂತೆಯೇ ಆಯಿತು.

ಪಿಕೆಜಿ-ಕಾನ್ಫಿಗ್ --ಮಾಡ್‌ವರ್ಶನ್ ಕೈರೋ ಎಂದು ಕೇಳಿದರೆ 1.18.4 ಎಂದು ಉತ್ತರ ಬರಬೇಕು. ಇಷ್ಟಕ್ಕೇ ನಂಬಬೇಡಿ, ಇದು ಕಂಪೈಲ್ ಹೊತ್ತಿನ ಉತ್ತರ ಮಾತ್ರ. ಓಡುವಾಗ ಹಳೆಯದೇ ಸಿಕ್ಕಿರಬಹುದು. ಪ್ರೋಗ್ರಾಂ ಒಳಗಿನಿಂದಲೇ ಕೈರೋ_ವರ್ಶನ್_ಸ್ಟ್ರಿಂಗ್ ಎಂಬ ಫಂಕ್ಷನ್ ಕರೆದು ಮುದ್ರಿಸಿದರೆ ಓಡುತ್ತಿರುವ ಲೈಬ್ರರಿಯ ಆವೃತ್ತಿ ತಿಳಿಯುತ್ತದೆ. ಇದೇ ಹೆಸರು ದೊಡ್ಡಕ್ಷರದಲ್ಲಿದ್ದರೆ ಅದು ಹೆಡರ್ ಫೈಲಿನ ಆವೃತ್ತಿ. ಎರಡನ್ನೂ ಮುದ್ರಿಸಿ ನೋಡಿ. ಒಂದು 1.18.4, ಇನ್ನೊಂದು 1.16.0 ಎಂದು ಬಂದರೆ ಎರಡನೆಯ ಎಕ್ಸ್‌ಪೋರ್ಟ್ ಸಾಲು ಮರೆತಿದ್ದೀರಿ.

ಕನ್ನಡ ಬರೆಸಿ ನೋಡಿ

ಪರೀಕ್ಷೆಗೆ ನಾವು ಸಹಜವಾಗಿಯೇ ಕನ್ನಡದ ಪದ ಆರಿಸಿಕೊಳ್ಳುತ್ತೇವೆ. 'ಕರ್ನಾಟಕ' ಒಳ್ಳೆಯ ಆಯ್ಕೆ, ಅರ್ಕಾವತ್ತು ಇದೆ, ದೀರ್ಘವಿದೆ. ಗುಬ್ಬಿ ಎಂಬ ಮುಕ್ತ ಕನ್ನಡ ಫಾಂಟ್ ಉಬುಂಟುವಿನಲ್ಲಿ ಫಾಂಟ್ಸ್-ಗುಬ್ಬಿ ಪ್ಯಾಕೇಜಿನಲ್ಲಿ ಸಿಗುತ್ತದೆ. ಅದನ್ನು ಹಾಕಿಕೊಂಡು, ಚಿಕ್ಕ ಸಿ ಪ್ರೋಗ್ರಾಂನಲ್ಲಿ ಇಮೇಜ್ ಸರ್ಫೇಸ್ (ಕೈರೋ ಚಿತ್ರ ಬಿಡಿಸುವ ಹಾಳೆ) ಒಂದನ್ನು ಮಾಡಿ, ಕೈರೋ_ಸೆಲೆಕ್ಟ್_ಫಾಂಟ್_ಫೇಸ್ ಮೂಲಕ ಗುಬ್ಬಿ ಆರಿಸಿ, ಕೈರೋ_ಶೋ_ಟೆಕ್ಸ್ಟ್ ಮೂಲಕ ಪದ ಬರೆಸಿ, ಪಿಎನ್‌ಜಿಯಾಗಿ ಉಳಿಸಿ.

ಚಿತ್ರ ತೆರೆದರೆ ಪದ ಚೆಲ್ಲಾಪಿಲ್ಲಿ. ಕ, ಅದರ ಪಕ್ಕ ಪೂರ್ಣ ರ, ಆಮೇಲೆ ಒಂಟಿಯಾಗಿ ನಿಂತ ಹಲಂತದ ಗುರುತು, ತಲೆಕಟ್ಟು ಬಿಡದ ನ, ಅದಕ್ಕೆ ಅಂಟದೆ ಬದಿಯಲ್ಲಿ ನಿಂತ ದೀರ್ಘದ ಗುರುತು, ಕೊನೆಗೆ ಟ, ಕ. ಅರ್ಕಾವತ್ತಿನ ಸುಳಿವೇ ಇಲ್ಲ. ಇಲ್ಲಿಗೆ ಬಂದವರು ಕಂಪೈಲ್ ಕೆಟ್ಟಿತೆಂದು ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡುವುದುಂಟು. ನಿಮ್ಮ ಕೈರೋ ಸರಿಯಾಗಿಯೇ ಇದೆ. ಶೋ_ಟೆಕ್ಸ್ಟ್ ಒಂದು ಸಂಕೇತಕ್ಕೆ ಒಂದು ಆಕಾರ ಎಂದು ಸಾಲಾಗಿ ಇಡುತ್ತ ಹೋಗುತ್ತದೆ, ಅಷ್ಟೇ. ಕೈರೋದ ಕೈಪಿಡಿಯೇ ಅದನ್ನು ಆಟಿಕೆ ಎಂದು ಕರೆದಿದೆ. ಯಾವ ವ್ಯಂಜನ ಒತ್ತಾಗಬೇಕು, ಯಾವ ಸ್ವರಚಿಹ್ನೆ ತಲೆಕಟ್ಟನ್ನು ತಿನ್ನಬೇಕು ಎಂಬ ನಿರ್ಧಾರ ಹಾರ್ಫ್‌ಬಜ್ ಎಂಬ ಬೇರೆ ಲೈಬ್ರರಿಯದ್ದು. ಅದನ್ನು ಕೈರೋಗೆ ಜೋಡಿಸಿ ಸಾಲು, ಪ್ಯಾರಾ ಸಮೇತ ಹೊಂದಿಸಿಕೊಡುವುದು ಪ್ಯಾಂಗೋ.

ಒಳ್ಳೆಯ ಸುದ್ದಿಯೆಂದರೆ ಪ್ಯಾಂಗೋವನ್ನು ಕಂಪೈಲ್ ಮಾಡಬೇಕಿಲ್ಲ. ಉಬುಂಟುವಿನ ಲಿಬ್‌ಪ್ಯಾಂಗೋ1.0-ಡೆವ್ ಸಾಕು. ಲೈಬ್ರರಿಯ ಫೈಲಿನ ಹೆಸರು ಬದಲಾಗದ್ದರಿಂದ, ಎರಡನೆಯ ಎಕ್ಸ್‌ಪೋರ್ಟ್ ಸಾಲು ಇರುವ ಟರ್ಮಿನಲ್‌ನಲ್ಲಿ ಆ ಪ್ಯಾಂಗೋ ತಾನಾಗಿ ನಿಮ್ಮ ಹೊಸ ಕೈರೋ ಮೇಲೆಯೇ ಬರೆಯುತ್ತದೆ. ಪ್ರೋಗ್ರಾಂನಲ್ಲಿ ಪ್ಯಾಂಗೋ_ಕೈರೋ_ಕ್ರಿಯೇಟ್_ಲೇಔಟ್ ಮೂಲಕ ಲೇಔಟ್ ಮಾಡಿ, ಪದವನ್ನೂ 'ಗುಬ್ಬಿ 48' ಎಂಬ ಫಾಂಟ್ ವಿವರಣೆಯನ್ನೂ ಅದಕ್ಕೆ ಕೊಟ್ಟು, ಪ್ಯಾಂಗೋ_ಕೈರೋ_ಶೋ_ಲೇಔಟ್ ಕರೆಯಿರಿ. ಕಂಪೈಲ್ ಸಾಲು ಹೀಗಿರಲಿ:

ಜಿಸಿಸಿ ಪದ.ಸಿ -ಓ ಪದ $(ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ --ಲಿಬ್ಸ್ ಪ್ಯಾಂಗೋಕೈರೋ)

ಈಗ ನಾ ಒಂದೇ ಅಕ್ಷರವಾಗಿ ಕೂಡಿ, ಅದರ ಬಲಕ್ಕೆ ಅರ್ಕಾವತ್ತು ಬಂದಿರುತ್ತದೆ. ಎಲ್‌ಡಿಡಿ ./ಪದ ಎಂದು ಕೊಟ್ಟರೆ ಲಿಬ್‌ಕೈರೋ ಎದುರು ನಿಮ್ಮ ಟೂಲ್ಸ್ ಫೋಲ್ಡರಿನ ದಾರಿ ಕಾಣಬೇಕು.

ಪ್ರಯೋಗ ಸಾಕು ಎನಿಸಿದಾಗ ಟೂಲ್ಸ್ ಒಳಗಿನ ಕೈರೋ ಫೋಲ್ಡರ್ ಅಳಿಸಿ, ಆ ಟರ್ಮಿನಲ್ ಮುಚ್ಚಿ. ಈ ಲೇಖನ ಓದುವ ಮೊದಲೇ ಲೋಕಲ್ ಫೋಲ್ಡರಿಗೆ ಹಾಕಿಬಿಟ್ಟಿದ್ದವರು ಬಿಲ್ಡ್ ಫೋಲ್ಡರ್ ಇನ್ನೂ ಉಳಿದಿದ್ದರೆ ಸುಡೋ ನಿಂಜಾ -ಸಿ ಬಿಲ್ಡ್ ಅನ್‌ಇನ್‌ಸ್ಟಾಲ್ ಎಂದು ಕೊಟ್ಟು ('ಸಿ' ಇಲ್ಲೂ ದೊಡ್ಡಕ್ಷರ), ನಂತರ ಸುಡೋ ಎಲ್‌ಡಿಕಾನ್ಫಿಗ್ ಓಡಿಸಿದರೆ ವ್ಯವಸ್ಥೆಯ ಹಳೆಯ ಕೈರೋ ಮತ್ತೆ ಚಾಲ್ತಿಗೆ ಬರುತ್ತದೆ.